ಮರಣಕಾಲದ ಮಾತು

ಬೆಂಗಳೂರು
೨೨ ಜೂನ್ ೧೯೫೮

ಪ್ರೀತಿಯ ಸುಗಂಧಿ,

ಹಲಸಿನ ಹಪ್ಪಳದ ಡಬ್ಬಿ ತಲುಪಿತು. ಅಡುಗೆಯ ಪೀಟರ್ ಅರ್ಧ ಸುಟ್ಟು ಕೆಡಿಸಿದ, ಉಳಿದರ್ಧವನ್ನು ಬೀಗ ಹಾಕಿ ಇಟ್ಟಿದ್ದೇನೆ.

ಅಣ್ಣ ಹೈಕೋರ್ಟಿನ ಜಡ್ಜ್ ಆದ ಮೇಲೆ ಮಾಡುವ ಕೆಲಸ ಎಂತದ್ದು ಎಂದು ಊರಿನವರು ಕೇಳಿದರೆ ಹೇಳಲು ಗೊತ್ತಾಗುವುದಿಲ್ಲ ಎಂದು ಬರೆದಿದ್ದೆ. ಹೇಳುತ್ತೇನೆ, ಕೇಳು. ಕೋಲಾರದ ಕಡೆಯ ಒಬ್ಬ ಗಾಣದ ಆಳು. ಅವನಿಗೆ ಯಾರೋ ಚೂರಿ ಹಾಕಿದರು. ಆಸ್ಪತ್ರೆಯಲ್ಲಿ ಡಾಕ್ಟರ ಎದುರು ಧಣಿಯ ಹೆಸರು ಹೇಳಿ ಸತ್ತ. ಕಂಡವರು ಯಾರೂ ಇಲ್ಲ. ಬೇರೆ ಸಾಕ್ಷಿ ಇಲ್ಲವೆಂದು ಕೆಳಗಿನ ಕೋರ್ಟು ಧಣಿಯನ್ನು ಬಿಟ್ಟಿತು. ಸರಕಾರದ ಅಪೀಲು ನಮ್ಮ ಪೀಠಕ್ಕೆ ಬಂತು. ನಾವಿಬ್ಬರು ಕೇಳಿದೆವು, ತೀರ್ಪು ಬರೆದವನು ನಾನು. ಸಾಯುವವನು ಪ್ರಜ್ಞೆಯಲ್ಲಿ, ಯಾರೂ ಹೇಳಿಕೊಡದೆ, ಸ್ಪಷ್ಟವಾಗಿ ಹೇಳಿದ ಮಾತಿದ್ದರೆ ಅದೊಂದೇ ಸಾಕು. ಅದಕ್ಕೆ ಇನ್ನೊಂದು ಸಾಕ್ಷಿ ಕೇಳುವುದೆಂದರೆ ಬಡವನನ್ನು ಎರಡನೆಯ ಸಲ ಕೊಂದ ಹಾಗೆ. ಇದನ್ನೇ ಬರೆದೆ. ಪತ್ರಿಕೆಗಳು ಹೊಗಳಿವೆ. ಮುಖ್ಯ ನ್ಯಾಯಾಧೀಶರು ತಮ್ಮ ಕೋಣೆಗೆ ಕರೆದು ಕೈಕುಲುಕಿದರು.

ಇನ್ನು ನಿನ್ನ ಮಗ ದೇವದಾಸನ ವಿಷಯ. ಅವನು ಕಾನೂನು ಓದುವುದನ್ನು ಬಿಟ್ಟು ಉಡುಪಿ-ಕಾರ್ಕಳದ ನಡುವೆ ಬಸ್ಸು ಓಡಿಸುವುದಕ್ಕೆ ಇಳಿದದ್ದರ ಬಗ್ಗೆ ನನಗೆ ಈಗ ಕೋಪವಿಲ್ಲ. ನಮ್ಮ ಅಳಿಯಕಟ್ಟಿನಲ್ಲಿ ಮನೆತನ ಸಾಗುವುದು ಅಳಿಯನಿಂದ, ಎಂದರೆ ತಂಗಿಯ ಮಗನಿಂದ. ನನ್ನವಳು ಮಕ್ಕಳಿಲ್ಲದೆ ಹೋದಳು, ನನಗಂತೂ ಅವನೇ ಎಲ್ಲ. ಕಾರ್ಕಳದ ಪ್ರಫುಲ್ಲಾ ಅವರ ಮಗಳು ಚಂಪಾ ಎಂಬ ಹುಡುಗಿಯನ್ನು ಕಳೆದ ರಜೆಯಲ್ಲಿ ನೋಡಿದ್ದೆ. ತಂದೆ ಇಲ್ಲದ ಹುಡುಗಿ. ಪ್ರಶ್ನೆ ಕೇಳಿದರೆ ಮುಖ ನೋಡಿ ಉತ್ತರಿಸುತ್ತಾಳೆ. ನಮ್ಮ ದೇವುವಿಗೆ ಅಂತಹವಳೇ ಬೇಕು. ನೀನು ಒಪ್ಪಿದರೆ ಮಾತು ಮುಂದುವರಿಸುತ್ತೇನೆ.

ನಿನ್ನ ಅಣ್ಣ,
ಕರುಣಾಕರ

ಕಾಪು
೯ ಜುಲೈ ೧೯೫೮

ಅಣ್ಣನಿಗೆ ಸುಗಂಧಿಯ ನಮಸ್ಕಾರ.

ನಿಮ್ಮ ತೀರ್ಪಿನ ವಿಷಯ ಎಲ್ಲರಿಗೂ ಓದಿ ಹೇಳಿದೆ. ತೋಟದ ಕೆಲಸಕ್ಕೆ ಬರುವ ಬೂಬ ಮಾತ್ರ ಒಪ್ಪಲಿಲ್ಲ. "ಸಾಯುವವರು ಸುಳ್ಳು ಹೇಳುವುದಿಲ್ಲ ಅಂತ ನಿಮ್ಮ ಅಣ್ಣನಿಗೆ ಯಾರು ಹೇಳಿದ್ದು ಅಕ್ಕೆರೆ? ನನ್ನ ಮಾವ ಸಾಯುವ ದಿನ ಕೂಡ ಕುಡಿದಿಲ್ಲ ಅಂತ ಆಣೆ ಹಾಕಿದ್ದರು" ಎಂದ. ನಗು ತಡೆಯಲಾಗಲಿಲ್ಲ. ನೀವು ನಿಮ್ಮ ದೊಡ್ಡ ಪುಸ್ತಕದಲ್ಲಿ ಬೂಬನ ಮಾವನನ್ನೂ ಸೇರಿಸಿ.

ಚಂಪಾಳನ್ನು ನಾನೂ ಹೋಗಿ ನೋಡಿ ಬಂದೆ. ಒಳ್ಳೆಯ ಹುಡುಗಿ. ಸ್ವಲ್ಪ ಮಾತು ಹೆಚ್ಚು, ಅಡ್ಡಿಯಿಲ್ಲ. ನನ್ನನ್ನು ಮನೆಯ ಹಿಂದೆ ಕರೆದುಕೊಂಡು ಹೋಗಿ, "ಅವರಿಗೆ ಕೋಪ ಜಾಸ್ತಿ ಅಂತ ಕೇಳಿದ್ದೇನೆ, ಹೌದಾ ಅತ್ತೆ?" ಎಂದು ನೇರವಾಗಿ ಕೇಳಿದಳು. ಗಂಡಸಿಗೆ ಕೋಪ ಇರದೆ ಮತ್ತೆ ಎಂತ ಇರುತ್ತದೆ ಎಂದೆ. ನೀವು ನೋಡಿ ಆರಿಸಿದ ಮೇಲೆ ನಾನು ಹೇಳುವುದೇನುಂಟು. ಮುಂದುವರಿಸಿ.

ಇಲ್ಲಿ ಮಳೆಗಾಲದ ಕಡಲು ಈ ಸಲ ದೀಪಸ್ತಂಭದ ಬಂಡೆಯನ್ನೇ ಕಿತ್ತುಹಾಕುವ ಹಾಗೆ ಹೊಡೆಯುತ್ತದೆ. ಕಿವಿ ಕೇಳಿಸದಂತಾಗಿದೆ.

ಸುಗಂಧಿ

ಕಾಪು
೩ ಆಗಸ್ಟ್ ೧೯೬೦

ಅಣ್ಣನಿಗೆ,

ಬಹಳ ದಿನವಾಯಿತು ಬರೆಯದೆ. ನಿಮ್ಮ ಮುಂದಿನ ಸ್ಥಾನ ಮುಖ್ಯ ನ್ಯಾಯಾಧೀಶರದ್ದೇ ಎಂದು ಉಡುಪಿಯ ವಕೀಲರು ಮಾತಾಡುತ್ತಾರಂತೆ. ದೇವು ಹೇಳಿದ. ಬಸ್ಸಿನಲ್ಲಿ ಎಲ್ಲರೆದುರು ಅವನು ನಿಮ್ಮ ಹೆಸರು ಹೇಳಿಕೊಳ್ಳುತ್ತಾನೆ.

ದೇವುವಿನ ಮಗುವಿಗೆ ಇನ್ನೂ ಹೆಸರಿಟ್ಟಿಲ್ಲ, ಎಲ್ಲರೂ ಬೇಬಿ ಎಂದೇ ಕರೆಯುತ್ತೇವೆ. ಚಂಪಾ ಮಗುವನ್ನು ಎತ್ತಿಕೊಂಡು ಉಡುಪಿಯ ಬನ್ನಂಜೆಯ ಬಾಡಿಗೆ ಮನೆಯಿಂದ ಮೊನ್ನೆ ಕಾಪುವಿಗೆ ಬಂದಿದ್ದಳು. ಬಚ್ಚಲಲ್ಲಿ ಜಾರಿ ಬಿದ್ದಳಂತೆ. ಹಣೆ ಒಡೆದಿತ್ತು, ಎಡಗೈ ಎತ್ತಲು ಆಗುತ್ತಿರಲಿಲ್ಲ. ಇಲ್ಲೇ ಸ್ವಲ್ಪ ದಿನ ಇರುತ್ತೇನೆ ಎಂದಳು. ಗಂಡನಿಗೆ ಊಟ ಯಾರು ಹಾಕುತ್ತಾರೆ ಎಂದು ಸಮಾಧಾನ ಮಾಡಿ ಕಳಿಸಿದೆ. ನಮ್ಮ ಬಸ್ಸಿನಲ್ಲೇ ಹತ್ತಿಸಿದೆ.

ಹೋದ ವರ್ಷವೂ ಒಮ್ಮೆ ಹೀಗೆಯೇ ಬಿದ್ದಿದ್ದಳು. ನಿಮಗೆ ಬರೆದಿರಲಿಲ್ಲ. ನೀವು ಒಮ್ಮೆ ದೇವುವಿಗೆ ಕಾಗದ ಬರೆಯಿರಿ. ನಿಮ್ಮ ಮಾತಾದರೆ ಕೇಳುತ್ತಾನೆ.

ಸುಗಂಧಿ

ಬೆಂಗಳೂರು
೧೭ ಆಗಸ್ಟ್ ೧೯೬೦

ಪ್ರೀತಿಯ ಸುಗಂಧಿ,

ನೀನು ಹೇಳಿದಂತೆ ದೇವದಾಸನಿಗೆ ಬರೆದಿದ್ದೇನೆ. ಮಳೆಗಾಲದಲ್ಲಿ ಬಚ್ಚಲಿನ ಕಲ್ಲಿಗೆ ಪಾಚಿ ಹಿಡಿಯದೆ ಇರುವುದಿಲ್ಲ. ಸುಣ್ಣ ಹಾಕಿ ತಿಕ್ಕಿಸಲಿ, ಆಗದಿದ್ದರೆ ಮನೆಯ ಯಜಮಾನನಿಗೆ ಹೇಳಿ ಸಿಮೆಂಟ್ ಮಾಡಿಸಲಿ. ಬಾಡಿಗೆದಾರನಿಗೆ ಅದನ್ನು ಕೇಳುವ ಹಕ್ಕುಂಟು. ಕೈಯ ನೋವು ಉಳಿದರೆ ಮಣಿಪಾಲಕ್ಕೆ ಕರೆದುಕೊಂಡು ಹೋಗಲಿ. ಆ ಬೋಳು ಗುಡ್ಡದ ಮೇಲೆ ಈಗ ಒಳ್ಳೆಯ ಡಾಕ್ಟರುಗಳಿದ್ದಾರೆ ಎಂದು ಕೇಳಿದ್ದೇನೆ.

ಮುಖ್ಯ ನ್ಯಾಯಾಧೀಶರ ಸ್ಥಾನದ ಮಾತು ಊರಲ್ಲಿ ಆಡಬೇಡಿ. ದೇವುವಿಗೂ ಹೇಳು, ಬಸ್ಸಿನಲ್ಲಿ ನನ್ನ ಹೆಸರು ಬೇಡ.

ಕರುಣಾಕರ

ಕಾಪು
೧೧ ಫೆಬ್ರವರಿ ೧೯೬೧

ಅಣ್ಣ,

ಚಂಪಾ ಹೋದಳು. ಗುರುವಾರ ಬೆಳಿಗ್ಗೆ ಬನ್ನಂಜೆಯ ಮನೆಯ ಅಡುಗೆ ಕೋಣೆಯಲ್ಲಿ ಬೆಂಕಿ. ಮಗು ಇಲ್ಲಿ ನನ್ನ ಹತ್ತಿರ ಇತ್ತು. ಪಕ್ಕದ ಮನೆಯ ರೋಸಿ ಬಾಯಿ ಗೋಣಿ ಹೊದಿಸಿ ನಂದಿಸಿ, ಮಣಿಪಾಲಕ್ಕೆ ಸಾಗಿಸಿದಳು. ಮರುದಿನ ಸಂಜೆಯವರೆಗೆ ಜೀವ ಇತ್ತು. ಕಾರ್ಕಳದಿಂದ ಅವಳ ಅಮ್ಮ ಬಂದು ಮುಟ್ಟುವಾಗ ಮಾತು ನಿಂತಿತ್ತು. ಅದಕ್ಕಿಂತ ಮೊದಲು ಮ್ಯಾಜಿಸ್ಟ್ರೇಟರು ಬಂದು ಎಲ್ಲರನ್ನೂ ಹೊರಗೆ ಕಳಿಸಿ ಅವಳ ಹೇಳಿಕೆ ಬರೆದುಕೊಂಡಿದ್ದರು.

ದೇವುವನ್ನು ಹಿಡಿದುಕೊಂಡು ಹೋದರು. ಸೀಮೆಎಣ್ಣೆ ಹೊಯ್ದು ಬೆಂಕಿ ಕೊಟ್ಟದ್ದು ಅವನೇ ಎಂದು ಅವಳು ಹೇಳಿದ್ದಾಳಂತೆ.

ನೀವು ಕೂಡಲೇ ಹೊರಟು ಬನ್ನಿ. ನನಗೆ ಯಾರಿದ್ದಾರೆ? ನಿಮ್ಮ ಹತ್ತಿರ ಹೇಳುವುದು ಬಹಳ ಉಂಟು, ಕಾಗದದಲ್ಲಿ ಬರೆಯಲು ಆಗುವುದಿಲ್ಲ.

ಸುಗಂಧಿ

ಬೆಂಗಳೂರು
೧೫ ಫೆಬ್ರವರಿ ೧೯೬೧

ಸುಗಂಧಿ,

ಓದಿದೆ. ಆ ಹುಡುಗಿಯನ್ನು ಆರಿಸಿದವನು ನಾನು. ಬೇರೆ ಏನೂ ಬರೆಯಲು ತೋಚುತ್ತಿಲ್ಲ.

ಆದರೆ ಇದನ್ನು ಗಮನವಿಟ್ಟು ಓದು. ನಾನು ಬರುವುದಿಲ್ಲ. ಈ ಮೊಕದ್ದಮೆ ನಾಳೆ ಮಂಗಳೂರಿನ ಸೆಷನ್ಸ್ ಕೋರ್ಟಿಗೆ, ಅಲ್ಲಿಂದ ನಾನು ಕುಳಿತುಕೊಳ್ಳುವ ಕೋರ್ಟಿಗೇ ಬರಬಹುದು. ನಾನು ಊರಿಗೆ ಕಾಲಿಟ್ಟರೆ, ಒಬ್ಬ ಪೊಲೀಸಿನವನ ಹತ್ತಿರ ನಿಂತು ಮಾತಾಡಿದರೆ, ಜಡ್ಜ್ ಮಾರ್ಲರು ಅಳಿಯನಿಗಾಗಿ ಬಂದರು ಎಂದಾಗುತ್ತದೆ. ಮೂವತ್ತು ವರ್ಷ ನಾನು ಬೇರೆಯವರ ಅಳಿಯಂದಿರಿಗೆ ಏನು ಹೇಳಿದ್ದೇನೋ ಅದೇ ನನ್ನ ಅಳಿಯನಿಗೂ.

ಈ ಪ್ರಕರಣದ ಬಗ್ಗೆ ನೀನು ಕಂಡದ್ದು, ಕೇಳಿದ್ದು, ಊಹಿಸಿದ್ದು ಒಂದು ಅಕ್ಷರವೂ ನನಗೆ ಬರೆಯಬಾರದು. ಯಾರ ಮೂಲಕವೂ ಹೇಳಿ ಕಳಿಸಬಾರದು. ನನಗೆ ಗೊತ್ತಾದದ್ದನ್ನು ಗೊತ್ತಿಲ್ಲದವನ ಹಾಗೆ ಇಟ್ಟುಕೊಳ್ಳಲು ನನ್ನಿಂದಾಗದು.

ಉಡುಪಿಯಲ್ಲಿ ಪ್ಯಾಟ್ರಿಕ್ ಎಂಬ ವಕೀಲರಿದ್ದಾರೆ. ಸಮರ್ಥರು. ನಾನು ಹೇಳಿದೆನೆಂದು ಹೇಳದೆ ಅವರನ್ನು ಕಾಣು.

ಕರುಣಾಕರ

ಕಾಪು
೨ ಮೇ ೧೯೬೧

ಅಣ್ಣನಿಗೆ,

ನೀವು ಬರೆಯಬಾರದು ಎಂದದ್ದನ್ನು ಬರೆಯುವುದಿಲ್ಲ. ಅದು ಬಿಟ್ಟರೆ ನನ್ನ ಹತ್ತಿರ ಬೇರೆ ಸುದ್ದಿ ಇಲ್ಲ. ಆದರೂ ಬರೆಯದೆ ಇದ್ದರೆ ನೀವು ಚಿಂತೆ ಮಾಡುತ್ತೀರಿ ಎಂದು ಕೂತಿದ್ದೇನೆ.

ಬಂಗುಡೆ ಮೀನು ಈ ಸಲ ಬಹಳ ಬಿತ್ತು. ಹೆಜಮಾಡಿಯಲ್ಲಿ ತಿನ್ನುವವರಿಲ್ಲದೆ ತೆಂಗಿನ ಬುಡಕ್ಕೆ ಗೊಬ್ಬರ ಹಾಕಿದರಂತೆ. ನಮ್ಮ ಮನೆಗೆ ಮೊದಲು ಬರುತ್ತಿದ್ದ ಮೀನಿನ ಹೆಂಗಸು ಈಗ ಗೇಟಿನ ಹತ್ತಿರ ಕೂಗುವುದಿಲ್ಲ, ಸುಮ್ಮನೆ ದಾಟಿ ಹೋಗುತ್ತಾಳೆ. ಬಸ್ಸು ನಿಂತಿದೆ. ಬೇಬಿಯನ್ನು ಕಾರ್ಕಳದ ಅಜ್ಜಿ ಬಂದು ಕರೆದುಕೊಂಡು ಹೋದರು. ಮಗು ತಾಯಿಯ ಮನೆಯದ್ದಲ್ವಾ, ನಾನು ಅಡ್ಡ ಬರಲಿಲ್ಲ. ಅವರು ಒಳಗೆ ಬರಲಿಲ್ಲ. ಅಂಗಳದಲ್ಲೇ ನಿಂತು ಕೈ ಚಾಚಿದರು. ಮಗುವಿನ ಬಟ್ಟೆಗಳನ್ನು ಕಟ್ಟಿ ಕೊಟ್ಟೆ. ಕಟ್ಟನ್ನು ಮೆಟ್ಟಿಲ ಮೇಲೆಯೇ ಬಿಟ್ಟು ಹೋದರು.

ನನಗೆ ನಿದ್ದೆ ಇಲ್ಲ. ನೀವು ಕೇಳಬಾರದು ಎಂದ ಮೇಲೆ ಯಾರ ಹತ್ತಿರ ಹೇಳಲಿ? ದೇವರ ಹತ್ತಿರ ಹೇಳಿದರೆ ಅವನೂ ಜಡ್ಜೇ.

ಸುಗಂಧಿ

ಕಾಪು
೨೮ ನವೆಂಬರ್ ೧೯೬೧

ಅಣ್ಣ,

ಇದು ಪ್ರಕರಣದ ಮಾತಲ್ಲ, ಪೇಪರಿನಲ್ಲಿ ಬಂದದ್ದು. ಹಾಗಾಗಿ ಬರೆಯಬಹುದು ಎಂದುಕೊಂಡೆ.

ನೇಣು.

ಮಂಗಳೂರಿನ ಕೋರ್ಟಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಇಂಗ್ಲಿಷಿನಲ್ಲಿ ಓದುತ್ತಿದ್ದರು, ನನಗೆ ಅರ್ಥವಾಗಲಿಲ್ಲ. ನಡುವೆ ಒಮ್ಮೆ ನಿಮ್ಮ ಹೆಸರು ಕೇಳಿತು. ಜಸ್ಟಿಸ್ ಮಾರ್ಲ ಎಂದರು. ನೀವು ಏನೋ ಕಳಿಸಿದ್ದೀರಿ, ಬಿಡುತ್ತಾರೆ ಎಂದು ಎದೆ ಹಾರಿತು. ಹೊರಗೆ ಬಂದ ಮೇಲೆ ಪ್ಯಾಟ್ರಿಕ್ ವಕೀಲರು ಹೇಳಿದರು, "ನಿಮ್ಮ ಅಣ್ಣನವರ ಆ ಕೋಲಾರದ ತೀರ್ಪು ಉಂಟಲ್ಲ ಅಮ್ಮ, ಅದರ ಮೇಲೆಯೇ ಶಿಕ್ಷೆ ಕೊಟ್ಟದ್ದು. ಬೇರೆ ಸಾಕ್ಷಿ ಇಲ್ಲ, ಆ ಹುಡುಗಿಯ ಹೇಳಿಕೆ ಒಂದೇ. ಆ ತೀರ್ಪು ಇಲ್ಲದಿದ್ದರೆ ಬಿಡಿಸುತ್ತಿದ್ದೆ."

ನಿಮ್ಮ ಮಾತೇ ನನ್ನ ಮಗನ ಕುತ್ತಿಗೆಗೆ ಬಂತು. ನೀವು ಬರೆದವರು, ನೀವೇ ಬಿಡಿಸಬೇಕು. ಹೇಗೆ ಎಂದು ನನಗೆ ಗೊತ್ತಿಲ್ಲ. ನನಗೆ ಮಗ ಬೇಕು.

ಸುಗಂಧಿ

ಬೆಂಗಳೂರು
೧೯ ಏಪ್ರಿಲ್ ೧೯೬೨

ಸುಗಂಧಿ,

ಇಷ್ಟು ತಿಂಗಳು ನಿನಗೆ ಉತ್ತರ ಬರೆಯದೆ ಇದ್ದೆ. ದೇವುವಿನ ಅಪೀಲು ಇಲ್ಲಿ ನಡೆಯುತ್ತಿತ್ತು. ಈಗ ಮುಗಿಯಿತು. ಶಿಕ್ಷೆ ಖಾಯಂ ಆಗಿದೆ. ದೆಹಲಿಯಲ್ಲೂ ಅರ್ಜಿ ನಿಲ್ಲಲಿಲ್ಲ ಎಂದು ಪ್ಯಾಟ್ರಿಕ್ ನಿನಗೆ ತಿಳಿಸಿರಬೇಕು.

ತೀರ್ಪು ಹೇಳುವ ದಿನ ನಾನು ಅದೇ ಕಟ್ಟಡದ ನನ್ನ ಕೋಣೆಯಲ್ಲಿ ಕುಳಿತಿದ್ದೆ. ನನ್ನ ಎದುರು ಒಂದು ಜಮೀನಿನ ವ್ಯಾಜ್ಯದ ಕಡತ ಇತ್ತು. ಒಂದೇ ಪುಟವನ್ನು ಓದುತ್ತಲೇ ಇದ್ದೆ. ನನ್ನ ಸಹೋದ್ಯೋಗಿಯೊಬ್ಬರು ಬಾಗಿಲಲ್ಲಿ ನಿಂತು, "ಮಾರ್ಲ, ನಿಮ್ಮ ತೀರ್ಪನ್ನು ದಾಟಿ ಹೋಗಲು ನಮಗೆ ದಾರಿ ಇರಲಿಲ್ಲ" ಎಂದರು. ಕ್ಷಮೆ ಕೇಳುವವರ ಹಾಗೆ ಹೇಳಿದರು.

ಈ ತಿಂಗಳುಗಳಲ್ಲಿ ನಿನ್ನ ಕಾಗದಗಳನ್ನು ಮತ್ತೆ ಮತ್ತೆ ಓದಿದೆ. ಚಿಕ್ಕವಳಿದ್ದಾಗಲೂ ನೀನು ನನಗೆ ಸುಳ್ಳು ಹೇಳಿದವಳಲ್ಲ. ನಿದ್ದೆ ಇಲ್ಲ ಎಂದು ಬರೆದೆ, ಮಗ ಬೇಕು ಎಂದು ಬರೆದೆ. ನಿರಪರಾಧಿ ಮಗನ ತಾಯಿಯ ಸಂಕಟ ಅದು, ನನಗೆ ಅರ್ಥವಾಗದೆ ಇಲ್ಲ. ಮೈಯೆಲ್ಲ ಸುಟ್ಟು ಬಿದ್ದ ಆ ಹುಡುಗಿಗೆ ಆಗ ಪ್ರಜ್ಞೆ ಎಷ್ಟಿತ್ತೋ. ಗಂಡನ ಮೇಲಿನ ಯಾವ ಸಣ್ಣ ಮುನಿಸು ಆ ಹೊತ್ತಿನಲ್ಲಿ ಬಾಯಿಗೆ ಬಂತೋ. ಕೋಲಾರದ ತೀರ್ಪು ಬರೆಯುವಾಗ ನಾನು ಇದನ್ನು ಯೋಚಿಸಿರಲಿಲ್ಲ. ನಾನು ತಪ್ಪು ಕಾನೂನು ಬರೆದೆ, ಅದು ನಮ್ಮ ಮನೆಗೇ ಬಂತು.

ಉಳಿದಿರುವುದು ರಾಷ್ಟ್ರಪತಿಗಳಿಗೆ ಕ್ಷಮಾದಾನದ ಅರ್ಜಿ. ಅದನ್ನು ನಾನೇ ಬರೆಯುತ್ತೇನೆ, ಆ ತೀರ್ಪು ತಪ್ಪೆಂದು ಅದನ್ನು ಬರೆದವನೇ ಹೇಳುತ್ತೇನೆ. ಪೀಠದಲ್ಲಿ ಕುಳಿತವನು ಅಂತಹ ಅರ್ಜಿ ಬರೆಯುವ ಹಾಗಿಲ್ಲ. ಆದ್ದರಿಂದ ರಾಜೀನಾಮೆ ಕೊಡುತ್ತಿದ್ದೇನೆ. ಮುಖ್ಯ ನ್ಯಾಯಾಧೀಶರ ಸ್ಥಾನಕ್ಕೆ ನನ್ನ ಹೆಸರು ಹೋಗಿದೆಯಂತೆ. ಹೋಗಲಿ. ಮುಂದಿನ ವಾರ ರಾಜೀನಾಮೆಯ ಕಾಗದ ಕೊಡುತ್ತೇನೆ, ಆಮೇಲೆ ಬೆಳಗಾವಿಯ ಜೈಲಿಗೆ ಹೋಗಿ ದೇವುವನ್ನು ಕಾಣುತ್ತೇನೆ.

ನಿನ್ನ ಅಣ್ಣ,
ಕರುಣಾಕರ

ಕಾಪು
೨೪ ಏಪ್ರಿಲ್ ೧೯೬೨

ಅಣ್ಣ,

ನಿಮ್ಮ ಕಾಗದ ಈಗ ತಾನೇ ಬಂತು. ಅಂಚೆಯವನನ್ನು ನಿಲ್ಲಿಸಿಕೊಂಡು ಬರೆಯುತ್ತಿದ್ದೇನೆ.

ರಾಜೀನಾಮೆ ಕೊಡಬೇಡಿ. ಕೊಡುವ ಮೊದಲು ಒಮ್ಮೆ ಇಲ್ಲಿಗೆ ಬನ್ನಿ. ಮುಖ ನೋಡಿ ಹೇಳಬೇಕಾದ ಮಾತುಂಟು. ನೀವು ನನ್ನ ಕಾಗದಗಳಲ್ಲಿ ಇಲ್ಲದ್ದನ್ನು ಓದಿದ್ದೀರಿ.

ಸುಗಂಧಿ

ಬೆಳಗಾವಿ
೨೦ ಮೇ ೧೯೬೨

ಸುಗಂಧಿ,

ನಿನ್ನ ಕಾಗದ ನನ್ನ ಕೈಸೇರುವಾಗ ರಾಜೀನಾಮೆ ಕೊಟ್ಟಾಗಿತ್ತು. ಬಂಗಲೆ ಖಾಲಿ ಮಾಡುವ ಗಡಿಬಿಡಿಯಲ್ಲಿ, ಕೆಲಸ ಬಿಡುತ್ತೇನೆಂದು ನೀನು ಹೆದರಿದ್ದಿ ಎಂದಷ್ಟೇ ತಿಳಿದುಕೊಂಡೆ. ಕಾಪುವಿಗೆ ಬರದೆ ನೇರ ಇಲ್ಲಿಗೆ ಬಂದೆ.

ನಿನ್ನೆ ದೇವುವನ್ನು ಕಂಡೆ. ತೆಳ್ಳಗಾಗಿದ್ದಾನೆ. ಕಂಬಿಯ ಆಚೆ ಅವನು, ಈಚೆ ನಾನು, ಪಕ್ಕದಲ್ಲಿ ವಾರ್ಡರ್.

"ಮಾವ, ಕೆಲಸ ಬಿಟ್ಟಿರಂತೆ. ಎಂತಕ್ಕೆ?" ಎಂದು ಕೇಳಿದ.

"ನೀನು ಮಾಡಿಲ್ಲ ಎಂದು ಬರೆಯುವುದಕ್ಕೆ. ಎಲ್ಲವನ್ನೂ ಮೊದಲಿನಿಂದ ಹೇಳು."

ಅವನು ಕಂಬಿಗೆ ಹತ್ತಿರ ಬಂದ.

"ನಾನು ಮಾಡಿಲ್ಲ ಅಂತ ನಿಮಗೆ ಯಾರು ಹೇಳಿದ್ದು? ಅಮ್ಮ ಹೇಳಿದರಾ?"

ನೀನು ಎಲ್ಲಿ, ಯಾವ ಕಾಗದದಲ್ಲಿ ಹಾಗೆ ಹೇಳಿದ್ದಿ ಎಂದು ಮನಸ್ಸಿನಲ್ಲೇ ಹುಡುಕಿದೆ. ಎಲ್ಲಿಯೂ ಇರಲಿಲ್ಲ.

"ಮಾಡಿಲ್ಲ ಅಂತ ಪ್ಯಾಟ್ರಿಕ್ ವಕೀಲರು ಹೇಳಿದ್ದು, ಅದು ಕೋರ್ಟಿಗೆ," ಎಂದ. "ನೀವು ಕೋರ್ಟಿನವರಲ್ವಾ ಮಾವ, ನಿಮಗೆ ಗೊತ್ತುಂಟು ಅಂತ ಎಣಿಸಿದ್ದೆ. ಅವಳು ಮಗುವನ್ನು ಕರೆದುಕೊಂಡು ಕಾರ್ಕಳಕ್ಕೆ ಹೋಗುತ್ತೇನೆ, ಇನ್ನು ಬರುವುದಿಲ್ಲ ಎಂದಳು. ಬಸ್ ಸ್ಟ್ಯಾಂಡಿನಲ್ಲಿ, ನನ್ನ ಏಜೆಂಟರ ಎದುರು ಹೇಳಿದಳು. ಎಲ್ಲರೂ ನಕ್ಕರು. ಮರುದಿನ ಬೆಳಿಗ್ಗೆ ಪುನಃ ಅದನ್ನೇ ಹೇಳಿದಳು. ಡಬ್ಬಿ ಅಲ್ಲೇ ಇತ್ತು."

"ದೇವು, ಸಾಕು," ಎಂದೆ.

"ಕೇಳಿದ್ದು ನೀವಲ್ವಾ? ಕಡ್ಡಿ ಗೀರಿದ್ದು ನಾನೇ. ಬಾಗಿಲು ಎಳೆದುಕೊಂಡು ಹೊರಟು ಹೋದದ್ದೂ ನಾನೇ. ಅವಳು ಸುಳ್ಳು ಹೇಳುವವಳಲ್ಲ ಮಾವ, ಅದೇ ಅವಳ ತೊಂದರೆ."

ಲಾಡ್ಜಿಗೆ ಹೇಗೆ ಬಂದೆನೋ ತಿಳಿಯದು. ಎಂದಾದರೂ ಒಮ್ಮೆ, ಒಂದೇ ಒಂದು ಸಾಲಿನಲ್ಲಿ, ನೀನು ಇದನ್ನು ಬರೆಯಬಹುದಿತ್ತು.

ಕರುಣಾಕರ

ಕಾಪು
೨೭ ಮೇ ೧೯೬೨

ಅಣ್ಣ,

ಬರೆಯಬಹುದಿತ್ತು ಎನ್ನುತ್ತೀರಿ. ಒಂದು ಅಕ್ಷರವೂ ಬರೆಯಬಾರದು ಎಂದವರು ಯಾರು? ಹೊರಟು ಬನ್ನಿ ಎಂದೆ, ಬರಲಿಲ್ಲ. ನೀವು ನಿಮ್ಮ ಕೈ ಒದ್ದೆಯಾಗದ ಹಾಗೆ ದಡದಲ್ಲಿ ನಿಂತಿರಿ. ಮುಳುಗುವವಳು ನಾನು ಇಲ್ಲಿ ಒಬ್ಬಳೇ ಇದ್ದೆ.

ಈಗ ಕೇಳುವುದಾದರೆ ಕೇಳಿ. ಬಚ್ಚಲಲ್ಲಿ ಬೀಳಲಿಲ್ಲ ಎಂದು ಚಂಪಾ ಮೊದಲನೆಯ ಸಲವೇ ನನಗೆ ಹೇಳಿದ್ದಳು. ಬಿದ್ದಳಂತೆ ಎಂದು ನಿಮಗೆ ಬರೆದವಳು ನಾನು. ನೀವು ಜಡ್ಜ್, ಸಾಲುಗಳ ನಡುವೆ ಓದುತ್ತೀರಿ ಎಂದು ಎಣಿಸಿದ್ದೆ. ನೀವು ಸುಣ್ಣ ಹಾಕಿ ತಿಕ್ಕಲು ಹೇಳಿದಿರಿ. ಆ ಗುರುವಾರ ಮಧ್ಯಾಹ್ನ ದೇವು ಕಾಪುವಿಗೆ ಬಂದ. ಅಂಗಿಯಲ್ಲಿ ಸೀಮೆಎಣ್ಣೆಯ ವಾಸನೆ ಇತ್ತು. ಅನ್ನ ಕೇಳಿದ, ಬಡಿಸಿದೆ. ಊಟ ಮಾಡಿ ಅಂಗಿ ಬದಲಿಸಿದ. ಅದನ್ನು ನಾನು ಒಗೆದು ಒಣಗಲು ಹಾಕಿದೆ. ಪೊಲೀಸಿನವರು ಬಂದಾಗ ಅದು ಹಗ್ಗದ ಮೇಲೆ ಇತ್ತು. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ನೀವು ತಾಯಿಯಲ್ಲ, ನಿಮಗೆ ಅರ್ಥವಾಗಬೇಕು ಎಂದು ನಾನು ಹೇಳುವುದಿಲ್ಲ.

ಹೇಗೂ ಕೆಲಸ ಬಿಟ್ಟಾಯಿತು. ಕಳೆದುಕೊಳ್ಳುವುದು ಇನ್ನೇನಿದೆ? ನೀವು ಬರೆಯಬೇಕೆಂದಿದ್ದನ್ನೇ ಬರೆಯಿರಿ. ಅವಳಿಗೆ ಪ್ರಜ್ಞೆ ಇರಲಿಲ್ಲ, ತೀರ್ಪು ತಪ್ಪು, ಅವನು ಮಾಡಿಲ್ಲ ಎಂದು ಬರೆಯಿರಿ. ನಿಮ್ಮ ಮಾತಾದರೆ ದೆಹಲಿಯವರು ನಂಬುತ್ತಾರೆ. ಜೀವನದಲ್ಲಿ ಒಂದು ಸುಳ್ಳು, ಅಣ್ಣ. ಅವನು ಜೈಲಿನಲ್ಲೇ ಮುದುಕನಾಗಲಿ, ಉಸಿರಾಡುತ್ತಿದ್ದರೆ ಸಾಕು.

ಹಾಗೆ ಬರೆಯಲು ಆಗದಿದ್ದರೆ ಕಾಪುವಿಗೆ ಬರಬೇಡಿ.

ಸುಗಂಧಿ

ಕಾರ್ಕಳ
೮ ಜುಲೈ ೧೯೬೨

ಸುಗಂಧಿ,

ಅರ್ಜಿ ಕಳಿಸಿದ್ದೇನೆ. ಏನು ಬರೆದಿದ್ದೇನೆಂದು ನಿನಗೆ ತಿಳಿಸಬೇಕು. ಅಪರಾಧ ನಡೆದಿದೆ, ಅಪರಾಧಿ ಇವನೇ, ಶಿಕ್ಷೆ ಕೊಟ್ಟ ನ್ಯಾಯಾಲಯಗಳು ತಪ್ಪಿಲ್ಲ ಎಂದು ಬರೆದೆ. ಆದರೂ ಇವನನ್ನು ಕೊಲ್ಲಬೇಡಿ. ವಯಸ್ಸು ಚಿಕ್ಕದು, ಒಂದು ಹೆಣ್ಣುಮಗುವಿದೆ, ಆ ಮಗುವಿಗೆ ಇಬ್ಬರೂ ಇಲ್ಲದಂತೆ ಮಾಡಬೇಡಿ ಎಂದು ಬೇಡಿಕೊಂಡಿದ್ದೇನೆ. ನೀನು ಕೇಳಿದ ಹಾಗೆ ಬರೆಯಲು ಕುಳಿತದ್ದು ನಿಜ. ಬೆಳಗಾವಿಯ ಲಾಡ್ಜಿನಲ್ಲಿ ಪೂರ್ತಿ ಬರೆದೂ ಮುಗಿಸಿದೆ. ಓದಿದರೆ ನಾನೇ ನಂಬುವಷ್ಟು ಚೆನ್ನಾಗಿತ್ತು. ಅದನ್ನು ಹರಿದು ಹಾಕಿದೆ.

ನೀನು ಒಗೆದ ಅಂಗಿಯ ವಿಷಯ ಯಾರಿಗೂ ಹೇಳಿಲ್ಲ. ಹೇಳುವುದು ನನ್ನ ಕರ್ತವ್ಯವಾಗಿತ್ತು. ಹೇಳುವುದಿಲ್ಲ. ಆದ್ದರಿಂದ ಸುಳ್ಳಾಡದವನೆಂಬ ಹೆಮ್ಮೆಯೂ ನನಗೆ ಉಳಿದಿಲ್ಲ.

ಕಾಪುವಿಗೆ ಬರಬೇಡಿ ಎಂದಿದ್ದಿ. ಕಾರ್ಕಳಕ್ಕೆ ಬಂದು ಒಂದು ಕೋಣೆ ಹಿಡಿದಿದ್ದೇನೆ. ಬಂದ ಮರುದಿನ ಪ್ರಫುಲ್ಲಾ ಅವರ ಮನೆಗೆ ಹೋದೆ. ಅರ್ಜಿಯಲ್ಲಿ ಅವರ ಮೊಮ್ಮಗಳ ಮಾತನ್ನು ಎತ್ತಿದ್ದೇನೆ, ಅದನ್ನು ಅವರಿಗೆ ತಿಳಿಸದೆ ಇರುವುದು ಸರಿಯಲ್ಲ ಎನಿಸಿತು. ಬಾಗಿಲು ತೆರೆದರು, ಕೂರಲು ಹೇಳಲಿಲ್ಲ. ಬೇಬಿ ಅವರ ಸೀರೆ ಹಿಡಿದುಕೊಂಡು ನಿಂತಿತ್ತು.

"ಅಳಿಯನಿಗೋಸ್ಕರ ಕೆಲಸ ಬಿಟ್ಟದ್ದಂತೆ, ಹೌದಾ?" ಎಂದರು.

ಹೌದು ಎಂದೆ.

"ನನ್ನ ಮಗಳು ಹೇಳಿದ್ದು ಸುಳ್ಳು ಅಂತ ಎಣಿಸಿದಿರಾ?"

ಅದಕ್ಕೂ ಹೌದು ಎಂದೆ. ಈಗ ಹಾಗಿಲ್ಲ ಎಂದೂ ಹೇಳಿದೆ.

ಅವರು ಕೋಪ ಮಾಡಿಕೊಳ್ಳಲಿಲ್ಲ. ದಣಿದವರ ಹಾಗೆ ಬಾಗಿಲಿಗೆ ಒರಗಿದರು. "ಅವಳು ಬದುಕಿರುವಾಗ ನನ್ನ ಹತ್ತಿರ ಹೇಳಿದ್ದಳು. ಹೊಂದಿಕೊಂಡು ಹೋಗು ಅಂತ ನಾನೇ ಹೇಳಿದ್ದು. ಅತ್ತೆಯ ಹತ್ತಿರ ಹೇಳಿದ್ದಳು. ಯಾರೂ ನಂಬಲಿಲ್ಲ. ಕೊನೆಗೆ ಕೋರ್ಟು ನಂಬಿತು. ಸ್ವಾಮಿ, ಸಾಯುವವರ ಮಾತೊಂದೇ ಸಾಕು ಅಂತ ನೀವು ಬರೆದಿಟ್ಟದ್ದಕ್ಕೆ ನಂಬಿತು ಅಂತ ಸರಕಾರಿ ವಕೀಲರು ನನಗೆ ತಿಳಿಸಿ ಹೇಳಿದರು. ಹುಡುಗನ ಮಾವನೇ ಆದರೂ ನಿಮಗೆ ಒಮ್ಮೆ ಕೈಮುಗಿಯಬೇಕು ಅಂತ ಇದ್ದೆ. ಈಗ ನೀವೂ ನಂಬಲಿಲ್ಲ ಅಂತಾಯಿತು."

ಮಗುವನ್ನು ಎತ್ತಿಕೊಂಡು ಒಳಗೆ ಹೋದರು. ಬಾಗಿಲು ಹಾಕಲಿಲ್ಲ. ನಾನು ಸ್ವಲ್ಪ ಹೊತ್ತು ನಿಂತು, ಇಳಿದು ಬಂದೆ.

ಸುಗಂಧಿ, ನನ್ನ ಇಷ್ಟು ವರ್ಷಗಳ ಕೆಲಸದಲ್ಲಿ ಆ ಒಂದು ತೀರ್ಪು ಸರಿಯಾಗಿತ್ತು. ಅದನ್ನೇ ತಪ್ಪೆಂದು ತಿಳಿದು ಪೀಠ ಬಿಟ್ಟು ಇಳಿದೆ.

ಕರುಣಾಕರ

ಕಾಪು
೫ ಫೆಬ್ರವರಿ ೧೯೬೩

ಅಣ್ಣ,

ನೀವು ಈ ಏಳು ತಿಂಗಳಲ್ಲಿ ಬರೆದ ಕಾಗದಗಳೆಲ್ಲ ಬಂದಿವೆ. ಒಂದಕ್ಕೂ ಉತ್ತರ ಬರೆಯಲಿಲ್ಲ. ಬರೆಯುವ ಮನಸ್ಸಿರಲಿಲ್ಲ.

ಅರ್ಜಿ ತಿರಸ್ಕಾರವಾದದ್ದು ನಿಮಗೂ ತಿಳಿದಿರಬೇಕು. ನೇಣಿನ ದಿನ ಗೊತ್ತುಮಾಡಿದ್ದೇವೆ, ನೋಡುವವರು ಬರಬಹುದು ಎಂದು ಜೈಲಿನಿಂದ ಕಾಗದ ಬಂದಾಗ ನಿಮಗೆ ತಿಳಿಸಲಿಲ್ಲ. ನಾನೊಬ್ಬಳೇ ಹೊರಟೆ. ಪ್ಯಾಟ್ರಿಕ್ ವಕೀಲರು ಜೊತೆಗೆ ಬರುತ್ತೇನೆ ಎಂದರು, ಬೇಡವೆಂದೆ. ಆಗುಂಬೆಯ ಘಾಟಿ ಹತ್ತಿ, ಬಸ್ಸು ಬದಲಿಸಿ, ರೈಲು ಹಿಡಿದು ಬೆಳಗಾವಿ ಮುಟ್ಟಿದೆ. ಅಲ್ಲಿಯವರ ಮಾತು ಅರ್ಥವಾಗದೆ ಒಂದು ಕಡೆ ದಾರಿ ತಪ್ಪಿದೆ.

ದೇವು ಚೆನ್ನಾಗಿ ಮಾತಾಡಿದ. ಬಸ್ಸನ್ನು ಯಾರು ತೆಗೆದುಕೊಂಡರು ಎಂದು ಕೇಳಿದ. ತೋಟದ ಬಾವಿಯಲ್ಲಿ ನೀರು ಎಷ್ಟುಂಟು ಎಂದು ಕೇಳಿದ. ನೀವು ಅರ್ಜಿಯಲ್ಲಿ ಎಂತ ಬರೆದಿರಿ ಎಂದು ಕೇಳಿದಾಗ, ನೀನು ಮಾಡಿಲ್ಲ ಅಂತ ಬರೆದಿದ್ದಾರೆ ಎಂದೆ. ಅವನು ನಕ್ಕ. "ಮಾವ ಹಾಗೆ ಬರೆಯುವವರಲ್ಲ ಅಮ್ಮ. ನೀವು ಸುಮ್ಮನಿರಿ" ಎಂದ. ನಿಮ್ಮ ಮೇಲೆ ಅವನಿಗೆ ಸಿಟ್ಟಿರಲಿಲ್ಲ, ಅದನ್ನು ತಿಳಿಸಬೇಕೆಂದೇ ಈ ಕಾಗದ. ನನಗೆ ಉಂಟು. ನೀವು ಸುಳ್ಳು ಬರೆದಿದ್ದರೆ ಅವನು ಉಳಿಯುತ್ತಿದ್ದನೋ ಇಲ್ಲವೋ, ಅದು ನನಗೆ ಸಾಯುವವರೆಗೆ ಗೊತ್ತಾಗುವುದಿಲ್ಲ. ನಿಮಗೂ ಗೊತ್ತಾಗುವುದಿಲ್ಲ. ನಿಮ್ಮನ್ನು ಎದುರು ಕೂರಿಸಿಕೊಂಡು ಊಟ ಬಡಿಸಲು ನನ್ನಿಂದ ಆಗದು. ಕಾರ್ಕಳದಲ್ಲೇ ಇರಿ.

ಎಲ್ಲವನ್ನೂ ಕೇಳಿದ ಅವನು. ಮಗುವನ್ನೂ ಕೇಳಿದ, ನಡೆಯುತ್ತದಾ ಎಂದು. ಚಂಪಾಳ ಹೆಸರು ಮಾತ್ರ ಎತ್ತಲಿಲ್ಲ. ಈಗ ಎತ್ತುತ್ತಾನೆ, ಇನ್ನೊಂದು ಗಳಿಗೆಗೆ ಎತ್ತುತ್ತಾನೆ ಎಂದು ನಾನು ಅವನ ಬಾಯಿಯನ್ನೇ ನೋಡುತ್ತಾ ಇದ್ದೆ. ಹೊತ್ತಾಯಿತು ಎಂದು ವಾರ್ಡರ್ ಹೇಳಿದ. ದೇವು ಕಂಬಿಯಿಂದ ಕೈ ಹೊರಗೆ ಹಾಕಿ ನನ್ನ ತಲೆ ಮುಟ್ಟಿ ಒಳಗೆ ಹೋದ. ಹೇಳಲೇ ಇಲ್ಲ.

ಮರುದಿನ ಎಲ್ಲ ಮುಗಿದ ಮೇಲೆ ಅಲ್ಲಿಯೇ ಸುಟ್ಟರು. ಬೂದಿ ನಾನು ತರಲಿಲ್ಲ.

ತಿರುಗಿ ಬರುವಾಗ ರೈಲಿನಲ್ಲಿ ಕಿಟಕಿಯ ಹತ್ತಿರ ಕೂತಿದ್ದೆ. ಅದು ಹೇಗೆ ಬಂತೋ ಗೊತ್ತಿಲ್ಲ, ಚಂಪಾ ಎಂದು ಬಾಯಿಯಿಂದ ಬಂತು. ಜೋರಾಗಿಯೇ ಬಂತು. ಎದುರು ಕೂತಿದ್ದ ಹೆಂಗಸು ಬುತ್ತಿ ಬಿಚ್ಚುತ್ತಿದ್ದವಳು ತಲೆಯೆತ್ತಿ, "ಯಾರ್ರೀ, ಮಗಳೇನು?" ಎಂದು ಕೇಳಿದಳು.

ಹೌದು ಎಂದೆ.

ಸುಗಂಧಿ